ಹೋಗದ ಮನೆಯ ಅವಲಕ್ಕಿ

ಭಾನುವಾರ ಬೆಳಿಗ್ಗೆ ಎಂಟು ಗಂಟೆಯಾದರೆ ನನಗೆ ಈಗಲೂ ಕೂತಲ್ಲಿ ಕೂರಲು ಆಗುವುದಿಲ್ಲ. ಅರವತ್ತು ವರ್ಷ ಕಳೆದರೂ ಮೈ ಆ ಹೊತ್ತನ್ನು ಮರೆತಿಲ್ಲ. ಆಗ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಭದ್ರಾವತಿಯ ನ್ಯೂಟೌನಿನ ಪ್ರೈಮರಿ ಶಾಲೆಯ ಕಡೆ ಓಡುವವನ ಹಾಗೆ ನಡೆಯುತ್ತಿದ್ದೆ. ಅಲ್ಲಿ ನಾನು ಹೇಳಿದ ಒಂದು ಸುಳ್ಳಿನ ವಿಷಯ ಬರೆಯಬೇಕೆಂದು ಇವತ್ತು ಕೂತಿದ್ದೇನೆ.

ನನಗೆ ಇಪ್ಪತ್ತನಾಲ್ಕು ವರ್ಷ. ಹೈಸ್ಕೂಲು ಮುಗಿಸಿ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತನಾಗಿದ್ದೆ. ಆ ಶಾಲೆಯ ಹಾಲಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಪ್ರತಿ ಭಾನುವಾರ ಒಂದು ಕೂಟ ನಡೆಸುತ್ತಿದ್ದರು. ತತ್ವದ ಕೂಟ ಎಂದು ಹೆಸರು. ಆದರೆ ಅಲ್ಲಿ ಪುರಾಣವಿಲ್ಲ, ಪ್ರವಚನವಿಲ್ಲ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದೇ ಒಂದು ಸಾಲು ಬರೆಯುತ್ತಿದ್ದರು. "ಇದನ್ನ ಒಂದು ವಾರ ಮಾಡಿ ನೋಡಿ. ಆಮೇಲೆ ಬಂದು ಹೇಳಿ. ತಲೆ ಆಡಿಸೋಕೆ ಯಾರೂ ಬರಬೇಡಿ" ಎನ್ನುತ್ತಿದ್ದರು. ಮುಂದಿನ ಭಾನುವಾರ ಪ್ರತಿಯೊಬ್ಬರೂ ಎದ್ದು ಒಪ್ಪಿಸಬೇಕು. ಅದಕ್ಕೂ ಒಂದು ನಿಯಮವಿತ್ತು: ಮಾಡಲು ಆಗದೆ ಸೋತವರು ಮೊದಲು ಮಾತಾಡಬೇಕು, ಗೆದ್ದವರು ಆಮೇಲೆ.

ಎಂಥಾ ಗಲಾಟೆ, ಎಂಥಾ ನಗು! ಒಂದು ವಾರ ಹಲಗೆಯ ಮೇಲೆ "ನಿಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಿ" ಎಂದು ಬರೆದರು. ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ನಲ್ಲಿಯ ಮುಂದೆ ಹದಿನೈದು ಹೆಂಗಸರು ಕೊಡ ಹಿಡಿದು ನಿಂತರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ "ನೀವು ಮೊದಲು", "ಇಲ್ಲ ಇಲ್ಲ, ನೀವೇ ಮೊದಲು" ಎಂಬ ಉಪಚಾರ ನಡೆಯಿತು. ಅಷ್ಟರಲ್ಲಿ ನಲ್ಲಿ ನಿಂತಿತು. ಹದಿನೈದು ಕೊಡಗಳೂ ಖಾಲಿ.

"ಮೇಷ್ಟ್ರೇ, ನಿಮ್ಮ ತತ್ವದಿಂದ ನಮ್ಮನೇಲಿ ಸೋಮವಾರ ಯಾರೂ ಸ್ನಾನ ಮಾಡ್ಲಿಲ್ಲ" ಎಂದು ಒಬ್ಬಾಕೆ ಎದ್ದು ಒಪ್ಪಿಸಿದಾಗ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಯಜಮಾನ್ರು ಏನಂದ್ರು?" ಎಂದು ಕೇಳಿದರು. "ಬರೋ ವಾರ ನೀನು ಕೂಟಕ್ಕೆ ಹೋಗೋ ಸರದೀನ ಬೇರೆಯೋರಿಗೆ ಬಿಟ್ಟುಕೊಡು ಅಂದ್ರು!"

ನಾನು ಪ್ರತಿ ವಾರ ಸೋಲುತ್ತಿದ್ದೆ. ಸಿಟ್ಟು ಬಿಡುವ ವಾರ ಸಿಟ್ಟು ಮಾಡಿದೆ, ಚಾಡಿ ಬಿಡುವ ವಾರ ಚಾಡಿ ಹೇಳಿದೆ. ಆದರೆ ಸೋತವರ ಜೊತೆ ಎದ್ದು ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ನನಗೆ ಮಾತು ಚೆನ್ನಾಗಿ ಬರುತ್ತಿತ್ತು. ಮೊದಮೊದಲು ನಡೆದದ್ದಕ್ಕೆ ಸ್ವಲ್ಪ ಬಣ್ಣ ಹಚ್ಚಿದೆ. ಜನ ಚಪ್ಪಾಳೆ ತಟ್ಟಿದರು. ಆ ಸದ್ದು ಕಿವಿಗೆ ಬಿದ್ದ ಮೇಲೆ ನನಗೆ ವಾರವಿಡೀ ಅದೇ ಧ್ಯಾನ.

ಆಮೇಲೆ ಆ ಸಾಲು ಬಂತು: "ಮಾತು ಬಿಟ್ಟವರ ಮನೆಗೆ ಹೋಗಿ ಮೊದಲು ನೀವೇ ಮಾತಾಡಿಸಿ."

ನನಗೆ ಅಂಥವರು ಒಬ್ಬರಿದ್ದರು. ಶಿವಮೊಗ್ಗದಲ್ಲಿದ್ದ ನನ್ನ ಚಿಕ್ಕಪ್ಪ. ಅಪ್ಪ ಹೋದ ಮೇಲೆ ನನ್ನನ್ನು ಮನೆಯಲ್ಲಿಟ್ಟುಕೊಂಡು ಹೈಸ್ಕೂಲು ಓದಿಸಿದವರು ಅವರೇ. ಒಂದು ದಿನ ನೆಂಟರ ಎದುರಿಗೆ ಬೈದರೆಂದು ನನಗೆ ಕೋಪ. ಕೆಲಸದ ಆರ್ಡರು ಬಂದ ದಿನ, ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಟ್ರಂಕು ಎತ್ತಿಕೊಂಡು ಹೊರಟುಬಿಟ್ಟಿದ್ದೆ. ಆಮೇಲೆ ಆರು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

ಆ ವಾರ ರಜೆ ಹಾಕಿ ರೈಲು ಹತ್ತಿ ಹೋದೆ. ಅವರ ಬೀದಿಯ ತಿರುವಿನವರೆಗೂ ಹೋದೆ. ಚಿಕ್ಕಪ್ಪ ಜಗಲಿಯ ಮೇಲೆ ಪೇಪರು ಓದುತ್ತಾ ಕೂತಿದ್ದರು. ಅವರು ಪೇಪರಿನ ಹಾಳೆ ತಿರುವಿದರು. ಅಷ್ಟಕ್ಕೇ ನನ್ನ ಕಾಲು ಹಿಂದೆ ಸರಿಯಿತು. ನೇರವಾಗಿ ಒಂದು ಹೋಟೆಲಿಗೆ ಹೋಗಿ ಎರಡು ದೋಸೆ ತಿಂದು ವಾಪಸು ಬಂದೆ.

ಭಾನುವಾರ ಎದ್ದು ನಿಂತು ಹೇಳಿದ್ದೇ ಬೇರೆ. ಚಿಕ್ಕಪ್ಪ ನನ್ನನ್ನು ಕಂಡು ಜಗಲಿಯಿಂದ ಎದ್ದು ಓಡಿಬಂದರು, ತಬ್ಬಿಕೊಂಡು ಅತ್ತರು, ಚಿಕ್ಕಮ್ಮ ಅವಲಕ್ಕಿ ಕಲಸಿ ಕೈತುತ್ತು ಕೊಟ್ಟರು ಎಂದೆ. ಹಾಲಿನಲ್ಲಿ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಮೇಷ್ಟ್ರು ಸುಮ್ಮನೆ ಎರಡು ಕೈ ಜೋಡಿಸಿದರು. ಚಪ್ಪಾಳೆಗೆ ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ನನ್ನ ಮೈ ಜುಂ ಎಂದಿತು. ಹೇಳುತ್ತಾ ಹೇಳುತ್ತಾ ನನಗೂ ಅಳು ಬಂದಿತ್ತು.

ಕೂಟ ಮುಗಿದ ಮೇಲೆ ಒಬ್ಬರು ನನ್ನ ಹತ್ತಿರ ಬಂದರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಸಾಹೇಬರು. ನಲವತ್ತರ ಆಸುಪಾಸು. ಪ್ರತಿ ಭಾನುವಾರ ರೈಲಿನಲ್ಲಿ ಬಂದು, ಬಟ್ಟೆ ಡೀಸೆಲ್ ವಾಸನೆ ಹೊಡೆಯುತ್ತದೆಂದು ಬಾಗಿಲ ಬಳಿಯೇ ಕೂರುತ್ತಿದ್ದರು. ಅಲ್ಲಿಯವರೆಗೆ ಒಪ್ಪಿಸುವ ಸರದಿಯಲ್ಲಿ ಒಂದೆರಡು ಮಾತಿನ ಹೊರತು ಬಾಯಿ ಬಿಟ್ಟವರಲ್ಲ.

"ಸಾರ್, ಬಾಗಿಲಲ್ಲಿ ನಿಂತು ಮೊದಲ್ನೇ ಮಾತು ಏನಂದ್ರಿ?"

ನಾನು ಅದನ್ನು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಕುಡಿಯೋಕೆ ನೀರು ಕೊಡಿ ಅಂದೆ ಸಾಹೇಬ್ರೆ. ನೀರು ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ."

"ಅಹಹಾ! ಏನ್ ತಲೆ ಸಾರ್ ನಿಮ್ದು!" ಎಂದು ನನ್ನ ಕೈ ಹಿಡಿದು ಕುಲುಕಿದರು.

ಮುಂದಿನ ಭಾನುವಾರ ಸೋತವರ ಸರದಿಯಲ್ಲಿ ಅವರು ಎದ್ದು ನಿಂತರು. ಹೊಳೆಹೊನ್ನೂರಿನಲ್ಲಿ ಅವರ ಅಣ್ಣನ ಸೈಕಲ್ ಶಾಪು. ಒಂಬತ್ತು ವರ್ಷದ ಹಿಂದೆ ತಂದೆ ತೀರಿಕೊಂಡಾಗ ಅಣ್ಣ ಹೇಳಿ ಕಳಿಸಲಿಲ್ಲ, ಮಣ್ಣಾದ ಮೇಲೆ ತನಗೆ ಗೊತ್ತಾಯಿತು ಎಂಬುದು ಇವರ ನೋವು. ಲಾರಿಯ ಹಿಂದೆ ಊರೂರು ತಿರುಗುವವನನ್ನು ಎಲ್ಲಿ ಹುಡುಕಲಿ ಎಂಬುದು ಅಣ್ಣನ ಮಾತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಬರುವ ಗುರುವಾರ ಅಣ್ಣನ ಮಗಳ ಮದುವೆ. ಇವರು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ ಹುಡುಗಿ.

"ನಮ್ಮ ಗುಮಾಸ್ತರು ಹೇಳಿದ ಹಾಗೇ ನೀರು ಕೇಳ್ದೆ" ಎಂದರು. "ಭಾಯ್ ಪಂಕ್ಚರ್ ಹಾಕ್ತಾ ಇದ್ದ. ಟ್ಯೂಬು ಮುಳುಗಿಸೋ ತೊಟ್ಟಿ ತೋರಿಸಿ, ಅದ್ರಲ್ಲಿದೆ, ಕುಡಿ ಅಂದ."

ಹಿಂದಿನಿಂದ ಯಾರೋ ನಕ್ಕರು.

"ತಪ್ಪು ನನ್ದೇ ಇರ್ಬೇಕು. ಕೇಳೋ ರೀತೀಲಿ ಏನೋ ಹೆಚ್ಚುಕಮ್ಮಿ ಆಯ್ತು. ಮೇಷ್ಟ್ರೇ, ಇವತ್ತು ಇವರನ್ನೇ ಕರ್ಕೊಂಡು ಹೋಗ್ತೀನಿ. ಗುರುವಾರದೊಳಗೆ ಆದ್ರೆ ಆಯ್ತು, ಇಲ್ದಿದ್ರೆ ಆ ಹುಡುಗಿ ಮದುವೆ ನಾನು ನೋಡಲ್ಲ."

ಇಡೀ ಹಾಲು ನನ್ನ ಕಡೆ ತಿರುಗಿತು. "ಹೋಗಿ ಬನ್ನಿ, ಹೋಗಿ ಬನ್ನಿ!" ಎಂದು ಎಲ್ಲರೂ ಹುರಿದುಂಬಿಸಿದರು. ಮದುವೆ ದಿಬ್ಬಣ ಕಳಿಸುವವರ ಹಾಗೆ ಬಸ್ಸಿನವರೆಗೂ ಹತ್ತು ಜನ ಬಂದರು.

ಬಸ್ಸಿನಲ್ಲಿ ಸಾಹೇಬರು ನನ್ನ ಕಥೆಯನ್ನು ಮತ್ತೆ ಹೇಳಿಸಿದರು. ಹೇಳಿದೆ. ಮತ್ತೊಮ್ಮೆ ಹೇಳಿಸಿದರು.

"ಸಾರ್, ಹೋದ್ಸಲ ಅವಲಕ್ಕಿ ಅಂದಿದ್ರಿ. ಈಗ ಉಪ್ಪಿಟ್ಟು ಅಂತೀರಲ್ಲ?"

"ಎರಡೂ ಕೊಟ್ರು."

"ಭಾರೀ ಪ್ರೀತಿ ಸಾರ್ ಅವರಿಗೆ!" ಎಂದರು. ಅದರಲ್ಲಿ ಒಂದು ಚೂರೂ ಕುಹಕವಿರಲಿಲ್ಲ. ನಾನು ಕಿಟಕಿಯ ಆಚೆ ಗದ್ದೆ ನೋಡತೊಡಗಿದೆ. ಒಳಗೆ ಭಯವಿತ್ತು. ಆದರೆ ಇಲ್ಲೂ ಸುಳ್ಳು ಬರೆಯಬಾರದು. ಭಯದ ಜೊತೆಗೆ ಒಂದು ಹುಮ್ಮಸ್ಸೂ ಇತ್ತು. ಇವರ ಅಣ್ಣನನ್ನೂ ನನ್ನ ಮಾತಿನಿಂದ ಕರಗಿಸಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಅಣ್ಣ ಶಾಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ಬಿಳಿ ಗಡ್ಡ, ತೋಳು ಮಡಿಚಿದ ಅಂಗಿ. ತಲೆ ಎತ್ತಿ ತಮ್ಮನನ್ನು ನೋಡಿದರು.

"ಮತ್ತೆ ಬಾಯಾರಿಕೆ ಆಯ್ತಾ?"

"ಭಾಯ್, ಇವರ ಮಾತು ಒಂದು ಕೇಳು."

"ಯಾರಿವ್ರು? ಪೊಲೀಸಾ?"

"ಅಲ್ಲ, ಕಾರ್ಖಾನೆ ಟೈಮ್ ಆಫೀಸಿನೋರು."

"ನನ್ನ ಟೈಮ್ ಸರಿ ಮಾಡೋಕೆ ಕರ್ಕೊಂಡು ಬಂದ್ಯಾ?" ಎಂದು ನನ್ನ ಕಡೆ ತಿರುಗಿದರು. "ಹೇಳಿ ಸ್ವಾಮಿ, ಏನು?"

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಮಾತು ಬಿಟ್ಟಿದ್ದು, ರೈಲು, ಬೀದಿಯ ತಿರುವು. ಪಕ್ಕಕ್ಕೆ ಕಣ್ಣು ಹೋಯಿತು. ಸಾಹೇಬರ ತುಟಿ ನನ್ನ ಜೊತೆಗೇ ಅಲ್ಲಾಡುತ್ತಿತ್ತು. ನನ್ನ ಕಥೆಯನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು. ನಾನು "ಚಿಕ್ಕಪ್ಪ ಜಗಲಿಯಿಂದ" ಎನ್ನುವ ಮೊದಲೇ ಅವರ ಬಾಯಿ ಆ ಮಾತಿಗೆ ತೆರೆದಿತ್ತು.

ಅಲ್ಲಿಂದ ಮುಂದಕ್ಕೆ ನನಗೆ ಹೋಗಲಾಗಲಿಲ್ಲ.

"ನಾನು ಹೋಗಲೇ ಇಲ್ಲ" ಎಂದೆ. "ತಿರುವಿನಲ್ಲಿ ನಿಂತು ವಾಪಸು ಬಂದೆ. ಎಲ್ಲಾ ಸುಳ್ಳು. ನೀರು ಕೇಳಿದ್ದೂ ಸುಳ್ಳು."

ಸಾಹೇಬರು ನನ್ನನ್ನೇ ನೋಡಿದರು. ಎದ್ದು ನಿಂತದ್ದು ಅಣ್ಣ. ಕೈಯಲ್ಲಿ ಗಾಳಿ ಹೊಡೆಯುವ ಪಂಪು.

"ಏಯ್! ನನ್ನ ತಮ್ಮ ನಿಂಗೆ ಏನು ಮಾಡಿದ್ದ? ಸುಳ್ಳು ಕಲಿಸಿ ನನ್ನ ಬಾಗಿಲಿಗೆ ಕಳಿಸ್ತೀಯಾ? ನನ್ನ ತಮ್ಮನ್ನ ಹತ್ತು ಜನರ ಮುಂದೆ ಬೆಪ್ಪ ಮಾಡ್ತೀಯಾ?"

"ಬಿಡು ಭಾಯ್, ಓದಿದೋರು" ಎಂದು ಸಾಹೇಬರು ಪಂಪು ಹಿಡಿದುಕೊಂಡರು.

"ಓದಿದೋರಂತೆ! ನಿಂಗಾದ್ರೂ ಬುದ್ಧಿ ಬೇಡ್ವಾ? ಚಿಕ್ಕೋನಿದ್ದಾಗಿಂದ ಹಿಂಗೇ. ಯಾರು ಏನು ಹೇಳಿದ್ರೂ ನಂಬೋದು!"

"ನೀನು ಹೇಳಿದ್ದೂ ನಂಬಿದ್ದೆ. ಹೊಳೇಲಿ ಮೊಸಳೆ ಇದೆ ಅಂದಿದ್ದೆ. ಎರಡು ವರ್ಷ ಕಾಲು ಇಳಿಸ್ಲಿಲ್ಲ ನಾನು."

"ಎರಡಲ್ಲ, ಮೂರು ವರ್ಷ" ಎಂದರು ಅಣ್ಣ. ಗಡ್ಡದೊಳಗೆ ನಗು ತಡೆಯಲಾಗದೆ ತುಟಿ ನಡುಗಿತು. "ಅಬ್ಬಾ ನಿನ್ನ ಎತ್ತಿ ನೀರಿಗೆ ಹಾಕಿದ್ರು, ಜ್ಞಾಪಕ ಇದೆಯಾ?"

ತಂದೆಯ ಮಾತು ಬಂದ ಕೂಡಲೇ ಇಬ್ಬರ ನಗುವೂ ನಿಂತಿತು. ಪಂಪು ಇಬ್ಬರ ಕೈಯಲ್ಲೂ ಹಾಗೇ ಇತ್ತು. ಒಳಗಿನಿಂದ ಒಬ್ಬ ಹುಡುಗಿ ಇಣುಕಿ "ಚಾಚಾ!" ಎಂದು ಕೂಗಿದಳು. ಮೆಹಂದಿ ಹಚ್ಚಿದ ಕೈಗಳನ್ನು ಮೇಲಕ್ಕೆತ್ತಿಕೊಂಡೇ ಓಡಿಬಂದಳು. ಅಣ್ಣ ಪಂಪು ಬಿಟ್ಟರು. "ಒಳಗೆ ಹೋಗು. ನಿನ್ನ ಭಾಬಿ ಕಾಯ್ತಿದಾಳೆ" ಎಂದರು. ಆಮೇಲೆ ನನ್ನ ಕಡೆ ನೋಡಿ, "ನೀನೂ ಹೋಗು, ಸುಳ್ಳುಗಾರ. ಚಾ ಕುಡಿದು ಹೋಗು" ಎಂದರು.

ಗುರುವಾರ ಮದುವೆಯಾಯಿತು. ಸಾಹೇಬರು ಹುಡುಗಿಯ ಕಡೆಯಿಂದ ನಿಂತು ಬಂದವರನ್ನೆಲ್ಲಾ ಬರಮಾಡಿಕೊಂಡರು. ಭಾನುವಾರ ಕೂಟದಲ್ಲಿ ಎಂದಿನಂತೆ ಮೇಷ್ಟ್ರು "ಆಗದಿದ್ದವರು ಹೇಳಿ" ಎಂದರು. ನಾನು ಏಳಬೇಕಾಗಿದ್ದ ಹೊತ್ತು ಅದು. ತೊಡೆ ಬೆಂಚಿಗೆ ಅಂಟಿಕೊಂಡ ಹಾಗಾಯಿತು. ಸಾಹೇಬರು ಎದ್ದು, ಅಣ್ಣ ಒಳಗೆ ಕರೆದದ್ದು, ಮದುವೆ ನಡೆದದ್ದು ಎಲ್ಲಾ ಹೇಳಿದರು. ನನ್ನ ವಿಷಯ ಬಂದಾಗ ಒಂದು ಕ್ಷಣ ನಿಂತು ನನ್ನ ಮುಖ ನೋಡಿದರು. "ಇವರು ಜೊತೆಗೆ ಬಂದ್ರು. ಅದ್ರಿಂದ್ಲೇ ಆಯ್ತು" ಎಂದರು, ಅಷ್ಟೇ. ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ನಾನು ಎದ್ದು ಕೈ ಮುಗಿದು ಅದನ್ನು ತೆಗೆದುಕೊಂಡೆ. ನಾನು ಬದುಕಿನಲ್ಲಿ ಮಾಡಿದ ತಪ್ಪುಗಳಲ್ಲಿ ಹೀಗೆ ಎದ್ದು ಕೈ ಮುಗಿದದ್ದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿದೆ.

ಹೊರಗೆ ಗೇಟಿನ ಬಳಿ ಸಾಹೇಬರು ಕಾಯುತ್ತಿದ್ದರು. "ನಡೀರಿ ಸಾರ್, ರೈಲಿದೆ. ನಿಮ್ಮ ಚಿಕ್ಕಪ್ಪನ ಮನೆ ತೋರಿಸಿ."

ತಿರುವಿನಲ್ಲಿ ಅವರು ಕಾಲು ಅಗಲಿಸಿ ನಿಂತರು. "ನಾನು ಇಲ್ಲೇ ಇರ್ತೀನಿ. ಓಡಿಹೋಗ್ಬೇಕಂದ್ರೆ ನನ್ನ ದಾಟಿ ಹೋಗ್ಬೇಕು."

ಜಗಲಿಯ ಮೇಲೆ ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿದರು.

"ಓ, ನೀನಾ? ಚಪ್ಪಲಿ ಅಲ್ಲಿ ಬಿಡಬೇಡ ಮಾರಾಯ, ನಾಯಿ ಎತ್ಕೊಂಡು ಹೋಗತ್ತೆ."

ಆರು ವರ್ಷದ ಮೌನ ಮುಗಿದದ್ದು ಅಷ್ಟರಲ್ಲೇ. ಯಾರೂ ಅಳಲಿಲ್ಲ, ಯಾರೂ ತಬ್ಬಿಕೊಳ್ಳಲಿಲ್ಲ. "ಹೇಳದೆ ಹೋಗಿದ್ದು ತಪ್ಪಾಯ್ತು" ಎಂದೆ. ಅವರು ಪೇಪರು ಮಡಿಸಿದರು. "ಗಡಿಯಾರಕ್ಕೆ ಕೀ ಕೊಡೋದು ನಿನ್ನ ಕೆಲಸ ಆಗಿತ್ತು. ನೀನು ಹೋದ ಮೇಲೆ ನಾಲ್ಕು ದಿನ ನಿಂತು ಹೋಗಿತ್ತು, ಯಾರಿಗೂ ಗೊತ್ತೇ ಆಗ್ಲಿಲ್ಲ" ಎಂದರು. ಆಮೇಲೆ ಅರ್ಧ ಗಂಟೆ ಅವರ ಮಂಡಿ ನೋವಿನ ವಿಷಯ ಕೇಳಿದೆ. ಅಷ್ಟು ಖುಷಿಯಿಂದ ಮಂಡಿ ನೋವಿನ ಕಥೆಯನ್ನು ಯಾರೂ ಕೇಳಿರಲಾರರು.

ತಿರುವಿಗೆ ಓಡಿಬಂದು ಸಾಹೇಬರಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ನಾಯಿಯ ಮಾತಿಗೆ ಅವರು ಹೊಟ್ಟೆ ಹಿಡಿದು ನಕ್ಕರು. "ಸಾರ್, ಇದನ್ನ ಬರೋ ಭಾನುವಾರ ಹೇಳ್ಲೇಬೇಕು!" ಎಂದವರು ಮಾತನ್ನು ಅಲ್ಲಿಗೇ ತಡೆದರು. ನನಗೂ ಹೊಳೆಯಿತು. ಆ ಹಾಲಿನಲ್ಲಿ ನಾನು ಚಿಕ್ಕಪ್ಪನ ಮನೆಗೆ ಆಗಲೇ ಹೋಗಿಬಂದಿದ್ದೆ. ಅವರು ಅತ್ತಿದ್ದರು, ಚಿಕ್ಕಮ್ಮ ಕೈತುತ್ತು ಕೊಟ್ಟಿದ್ದರು. ಜನ ಅದಕ್ಕೆ ಚಪ್ಪಾಳೆಯನ್ನೂ ತಟ್ಟಿಯಾಗಿತ್ತು. ನಾನು ನಿಜವಾಗಿ ಮಾಡಿದ ಒಂದೇ ಒಂದು ಪಾಠವನ್ನು ಒಪ್ಪಿಸಲು ನನಗೆ ಜಾಗವೇ ಇರಲಿಲ್ಲ. ಒಪ್ಪಿಸಬೇಕಾದರೆ ಸುಳ್ಳನ್ನೂ ಒಪ್ಪಿಸಬೇಕಿತ್ತು. ಅಷ್ಟು ಧೈರ್ಯ ನನಗೆ ಆ ವಾರ ಬರಲಿಲ್ಲ, ಮುಂದಿನ ಯಾವ ವಾರವೂ ಬರಲಿಲ್ಲ. ಕೆಲವು ವರ್ಷಕ್ಕೆ ಮೇಷ್ಟ್ರು ಹೋದರು, ಕೂಟವೂ ನಿಂತಿತು.

ಸಾಹೇಬರು ಮಾತ್ರ ಬದುಕಿರುವವರೆಗೂ, ನಾನು ಗ್ಯಾರೇಜಿಗೆ ಹೋದಾಗಲೆಲ್ಲಾ ಸ್ಪ್ಯಾನರು ಕೆಳಗಿಟ್ಟು, "ಆ ನಾಯಿ ಕಥೆ ಇನ್ನೊಂದ್ಸಲ ಹೇಳಿ ಸಾರ್" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಎಷ್ಟು ಸಲ ಹೇಳಿದರೂ ಅದರಲ್ಲಿ ಒಂದು ಮಾತೂ ಬದಲಾಗಲಿಲ್ಲ.