ಅಂಗಳದ ಕಲ್ಲಿನ ಮೇಲೊಂದು ತೊಟ್ಟು

ಕಡ್ಡಿಪೊರಕೆಯ ಸದ್ದು ಬಾವಿಕಟ್ಟೆಯ ಕಡೆಯಿಂದ ಶುರುವಾಯಿತು. ಸರ್ರ್, ಸರ್ರ್ ಎಂದು ಕಲ್ಲುಹಾಸಿನ ಮೇಲೆ ಸಾಗಿ, ಜಟಕಾ ನಿಲ್ಲುವ ಮೂಲೆ ದಾಟಿ, ನಲ್ಲಿಯ ಹತ್ತಿರ ಕೊಂಚ ತಡೆದು ಮತ್ತೆ ಹೊರಟಿತು. ಹಾಸಿಗೆಯಲ್ಲಿದ್ದ ಸರ್ವಮಂಗಳಾ ಕಣ್ಣು ಮುಚ್ಚಿಕೊಂಡೇ ಆ ಸದ್ದಿನ ಹಿಂದೆ ನಡೆದಳು. ಅವಳ ಕಿಟಕಿಯ ಕೆಳಗೆ ಬಂದಾಗ ಪೊರಕೆ ನಿಂತಿತು. ಮತ್ತೆ ಹೊರಡಲಿಲ್ಲ.

“ಅಯ್ನೋರೇ,” ಎಂದು ದೇವಿರಮ್ಮನ ದನಿ ಕೇಳಿಸಿತು, “ನಿಮ್ಮ ಕಬ್ಬಿಣದ ಕುದುರೆ ಮತ್ತೆ ಉಚ್ಚೆ ಉಯ್ಕೊಂಡದೆ. ಬಂದು ನೋಡ್ಕಂಡೋಗಿ.”

ಅಯ್ನೋರು ಎಂದರೆ ಸರ್ವಮಂಗಳಾಳ ಗಂಡ ರುದ್ರಸ್ವಾಮಿ. ಅವನ ತಾತ ಮಠದಲ್ಲಿದ್ದವರು. ಅವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಮನೆತನದ ಗೌರವ ಮಾತ್ರ ಹೆಸರಿನ ಹಿಂದೆ ಉಳಿದುಕೊಂಡಿತ್ತು. ದೇವಿರಮ್ಮ ಬೈಯುವಾಗಲೂ ಅಯ್ನೋರೇ ಎಂದೇ ಬೈಯುತ್ತಿದ್ದಳು.

ಲಷ್ಕರ್ ಮೊಹಲ್ಲಾದ ಆ ವಠಾರ ದೇವಿರಮ್ಮನದು. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತ ಬಾಡಿಗೆಮನೆಗಳು. ಗಂಡ ಹೊಲ ಮಾರಿ ಕಟ್ಟಿಸಿದ ಆ ಅಂಗಳವನ್ನು ಅವಳು ಯಾರ ಕೈಗೂ ಬಿಟ್ಟುಕೊಟ್ಟಿರಲಿಲ್ಲ. ತಾನೇ ಗುಡಿಸಿ, ತಾನೇ ಸಗಣಿನೀರು ಹಾಕಿ, ತಾನೇ ರಂಗೋಲಿ ಬಿಡುತ್ತಿದ್ದಳು. ಈಗ ರುದ್ರಸ್ವಾಮಿಯ ಮೋಟರ್ ಸೈಕಲ್ ಆಯಿಲ್ ಸೋರುತ್ತ ನಿಲ್ಲುವ ಜಾಗದಲ್ಲಿ ಸಗಣಿನೀರು ಹರಡದೆ ಮುತ್ತುಮುತ್ತಾಗಿ ಉರುಳಿಹೋಗುತ್ತಿತ್ತು. ರಂಗೋಲಿಪುಡಿ ಬಿದ್ದ ಗಳಿಗೆಯಲ್ಲೇ ಕಪ್ಪಾಗುತ್ತಿತ್ತು. ಹೋದ ವಾರ ಕೊಡ ಹೊತ್ತು ಬಂದವಳೇ ಅಲ್ಲಿ ಕಾಲು ಜಾರಿದ್ದಳು. ಪುಣ್ಯಕ್ಕೆ ಕೊಡ ಒಡೆಯಿತು, ಸೊಂಟ ಉಳಿಯಿತು.

ರುದ್ರಸ್ವಾಮಿ ಪಂಚೆ ಕಟ್ಟಿಕೊಳ್ಳುತ್ತ ಹೊರಗೆ ಬಂದ. ಎದುರುಮನೆಯ ಜಟಕಾದ ಚೆಲುವರಾಜು ತನ್ನ ಕುದುರೆಗೆ ಹುಲ್ಲು ಹಾಕುತ್ತಿದ್ದ.

“ಅಲ್ಲ ಕಣ್ರೀ ಸ್ವಾಮಿ,” ಎಂದ ಚೆಲುವರಾಜು, “ಊರ ನಲ್ಲಿ ಸೋರೋದ ನಿಲ್ಸೋ ಆಫೀಸಿನೋರು ನೀವು. ನಿಮ್ಮ ಗಾಡಿ ಸೋರೋದ ನಿಲ್ಸಕ್ಕೆ ಯಾರಿಗೆ ಅರ್ಜಿ ಹಾಕಬೇಕು?”

“ನಿನ್ನ ಕುದುರೆ ಅಂಗಳ ಒದ್ದೆ ಮಾಡೋದಿಲ್ವೇನಯ್ಯ?”

“ಮಾಡತ್ತೆ. ಆದ್ರೆ ಗೊಬ್ಬರಾನೂ ಕೊಡತ್ತೆ.”

ದೇವಿರಮ್ಮ ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯಲ್ಲಿ ಕಂಡ ಸರ್ವಮಂಗಳಾಳಿಗೂ ಕೇಳುವಂತೆ ಹೇಳಿದಳು: “ದಸರಾ ಮುಗಿಯೋಗಂಟ ನೋಡ್ತೀನಿ. ಇಸ್ಕೂಲು ಬಾಗಿಲು ತೆಗೆಯೋ ದಿವ್ಸ ಈ ಕಲ್ಲಿನ ಮ್ಯಾಲೆ ಒಂದು ತೊಟ್ಟು ಕಂಡ್ರೂ ಗಾಡಿ ಆಚೆಗೆ. ಆಮ್ಯಾಕೆ ಅಜ್ಜಿ ಗಿಜ್ಜಿ ಅಂತ ಬರಬ್ಯಾಡಿ.”

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ ಎಂಬುದು ವಠಾರಕ್ಕೆಲ್ಲ ಗೊತ್ತಿತ್ತು. ಆಚೆ ಬೀದಿಯಲ್ಲಿ ಎರಡು ಜಟಕಾ ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟು. ಅಲ್ಲಿ ಮೋಟರ್ ಸೈಕಲ್ ನಿಲ್ಲಿಸುವಂತಿರಲಿಲ್ಲ. ಗಾಡಿ ಆಚೆಗೆ ಎಂದರೆ ಮಾರಬೇಕು ಎಂದೇ ಅರ್ಥ. ಗಾಡಿ ಹೋದರೆ ಹೋಗುವುದು ರುದ್ರಸ್ವಾಮಿಯ ಕೆಲಸವಲ್ಲ, ಸರ್ವಮಂಗಳಾಳದು.

ಅವಳು ಕಡಕೊಳದ ಪ್ರೈಮರಿ ಶಾಲೆಯಲ್ಲಿ ಉಪಾಧ್ಯಾಯಿನಿ. ರೈಲು ಕಡಕೊಳ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಹಾಜರಿ ಕೂಗಿ ಆಗಿರುತ್ತಿತ್ತು. ಬಸ್ಸು ಅದರ ಮರ್ಜಿ. ಬೆಳಿಗ್ಗೆ ಗಂಡ ಹಿಂದೆ ಕೂರಿಸಿಕೊಂಡು ನಂಜನಗೂಡು ರಸ್ತೆಯಲ್ಲಿ ಹೋಗಿ ಶಾಲೆಗೆ ಬಿಟ್ಟು ಬಂದು ತನ್ನ ಕಚೇರಿಗೆ ಹೋಗುತ್ತಿದ್ದ. ಸಂಜೆ ಅವಳು ರೈಲಿನಲ್ಲಿ ಹಿಂತಿರುಗುತ್ತಿದ್ದಳು. ಗಾಡಿ ಕೈಕೊಟ್ಟ ಒಂದೆರಡು ದಿನ ತಡವಾಗಿ ಹೋದಾಗ ಮಕ್ಕಳು ಬಾಗಿಲ ಹೊರಗೆ ನಿಂತಿದ್ದರು. ಹೆಡ್ಮಾಸ್ಟರು ಚಿಕ್ಕಯ್ಯನವರು ಗೋಡೆ ಗಡಿಯಾರವನ್ನಷ್ಟೇ ನೋಡಿದ್ದರು. ಅತ್ತೆ ಊರಿನಿಂದ ಬಂದಾಗಲೆಲ್ಲ, “ಅಷ್ಟು ಕಷ್ಟ ಯಾಕವ್ವ, ಬಿಟ್ಟುಬಿಡು,” ಎನ್ನುತ್ತಿದ್ದರು. ಆದರೆ ತಾನು ತರಗತಿಯೊಳಗೆ ಕಾಲಿಟ್ಟೊಡನೆ ಆ ಗದ್ದಲ ಅಡಗುವ ಒಂದು ಕ್ಷಣವಿದೆಯಲ್ಲ, ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಗಾಡಿ ರುದ್ರಸ್ವಾಮಿಗೆ ಚಿಕ್ಕಪ್ಪನಿಂದ ಬಂದದ್ದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದಾಗ ಕೊಂಡದ್ದು. ಮೇಲೆ ಬಳಿದ ಕಪ್ಪು ಬಣ್ಣ ಕಿತ್ತುಬಂದ ಕಡೆ ಒಳಗಿನ ಹಸಿರು ಇನ್ನೂ ಕಾಣುತ್ತಿತ್ತು. ಅದರ ಆಯಿಲ್ ಎಂಜಿನ್ನಿನಲ್ಲಿರದೆ ಸೀಟಿನ ಕೆಳಗೆ ಬೇರೆಯೇ ಒಂದು ಟ್ಯಾಂಕಿನಲ್ಲಿ ಇರುತ್ತಿತ್ತು. ಅಲ್ಲಿಂದ ಕೊಳವೆಯಲ್ಲಿ ಇಳಿದು, ಎಂಜಿನ್ನಿನಲ್ಲೆಲ್ಲ ಸುತ್ತಾಡಿ, ಮತ್ತೆ ಟ್ಯಾಂಕಿಗೇ ಹೋಗಬೇಕು. ಮದುವೆಯಾದ ಹೊಸತರಲ್ಲಿ ರುದ್ರಸ್ವಾಮಿ, “ಇದು ಬರಿದಾಯ್ತೋ, ಎಂಜಿನ್ ಹಿಡ್ಕೊಂಡುಬಿಡತ್ತೆ. ಅಲ್ಲಿಗೆ ಮುಗೀತು,” ಎಂದಿದ್ದ. ಅಂದಿನಿಂದ ಸರ್ವಮಂಗಳಾ ಮುಸ್ಸಂಜೆಯಲ್ಲಿ ದೇವರ ದೀಪಕ್ಕೆ ಎಣ್ಣೆ ಹೊಯ್ದು, ಅದೇ ಹೆಜ್ಜೆಯಲ್ಲಿ ಹೊರಗೆ ಬಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದಳು. ಇಳಿದಿದ್ದರೆ ಕಂಠದವರೆಗೆ ತುಂಬಿಸುತ್ತಿದ್ದಳು. ದೀಪ ಒಂದೊಂದು ದಿನ ಮರೆತರೂ ಇದು ಮರೆತಿರಲಿಲ್ಲ.

ದೇವಿರಮ್ಮನ ಮಾತಿನ ಮರುದಿನವೇ ಭಾನುವಾರ. “ಪ್ಯಾಕಿಂಗ್ ಹೋಗಿದೆ,” ಎಂದ ರುದ್ರಸ್ವಾಮಿ. ಎಂಜಿನ್ನಿನ ಪಕ್ಕದ ಮುಚ್ಚಳಕ್ಕೂ ಮೈಗೂ ನಡುವೆ ಕೂರುವ ತೆಳ್ಳನೆಯ ರಟ್ಟು ಅದು. ಅಂಗಡಿಯಲ್ಲಿ ಆ ಗಾಡಿಯದು ಸಿಗುತ್ತಿರಲಿಲ್ಲ. ಮನೆಯಲ್ಲೇ ಕತ್ತರಿಸಬೇಕಿತ್ತು. ಗಟ್ಟಿ ಕಾಗದವೆಂದರೆ ಮನೆಯಲ್ಲಿದ್ದದ್ದು ಸರ್ವಮಂಗಳಾಳ ತಮ್ಮನ ಲಗ್ನಪತ್ರಿಕೆ. ರುದ್ರಸ್ವಾಮಿ ಅದನ್ನು ಮುಚ್ಚಳದ ಅಂಚಿಗೆ ಒತ್ತಿ ಹಿಡಿದು ಸಣ್ಣ ಸುತ್ತಿಗೆಯಿಂದ ಕುಟ್ಟಲು ಹೊರಟ. ಅವಳು ಕೈ ಹಿಡಿದಳು.

“ತಾಳಿ. ಮೇಲೆ ನಂಜುಂಡೇಶ್ವರ ಪ್ರಸನ್ನ ಅಂತಿದೆ.”

“ಅದನ್ನ ಬಿಟ್ಟು ಕತ್ತರಿಸೋಣ.”

“ಕೆಳಗೆ ಹುಡುಗ ಹುಡುಗಿ ಹೆಸರಿದೆ. ಅವರನ್ನ ಎಂಜಿನ್ನೊಳಗೆ ಹಾಕಿ ಬೇಯಿಸ್ತೀರಾ?”

ದೇವರನ್ನೂ ವಧೂವರರನ್ನೂ ತಪ್ಪಿಸಿ, ಎರಡು ತುಂಡು ಕೂಡಿಸಿ, ಅಂತೂ ಒಂದು ಪ್ಯಾಕಿಂಗ್ ಆಯಿತು. ಕೂಡಿಸಿದ ಕಡೆಯಿಂದಲೇ ಅದು ಸೋರಿತು. ಮುಂದೆ ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಇಡೀ ತುಂಡಿನಲ್ಲೇ ಮಾಡಿದರು. ಅಂಚು ಒಣಗಿತು. ಆದರೂ ಬೆಳಿಗ್ಗೆ ಪೊರಕೆ ಕಿಟಕಿಯ ಕೆಳಗೆ ನಿಂತಿತು.

“ಬೆಲ್ಲ ಸುಣ್ಣ ಮೆತ್ತಿ ನೋಡಿ,” ಎಂದ ಚೆಲುವರಾಜು. “ನಮ್ಮ ಕುದುರೆ ನೀರು ಕುಡಿಯೋ ತೊಟ್ಟಿ ಬಿರುಕು ಬಿಟ್ಟಿತ್ತು. ಬೆಲ್ಲ ಸುಣ್ಣ ಹಾಕಿದ್ದು, ಇವತ್ತಿಗೂ ಅಲ್ಲಾಡಿಲ್ಲ.”

ಎಂಜಿನ್ನಿನ ಸಂದುಗೊಂದುಗಳಿಗೆಲ್ಲ ಮೆತ್ತಿದರು. ಕಡಕೊಳಕ್ಕೆ ಹೋಗಿ ಬರುವಷ್ಟರಲ್ಲಿ ಕಾವಿಗೆ ಬೆಲ್ಲ ಪಾಕವಾಗಿ ಇಳಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬಾವಿಕಟ್ಟೆಯಿಂದ ಹಿಡಿದು ಮೋಟರ್ ಸೈಕಲ್‌ವರೆಗೆ ಇರುವೆಗಳ ಸಾಲು.

“ಸರಿಹೋಯ್ತು,” ಎಂದಳು ದೇವಿರಮ್ಮ. “ಇಷ್ಟು ದಿವ್ಸ ಎಣ್ಣೆ ಒಂದೇ ಇತ್ತು. ಈಗ ಬೆಲ್ಲಾನೂ ಬಂತು. ಇನ್ನ ಅಕ್ಕಿ ತತ್ತೀನಿ, ಕಜ್ಜಾಯ ಮಾಡ್ಬುಡವ.”

ಅಷ್ಟರಲ್ಲಿ ದಸರಾ ರಜೆ ಬಂತು. ಕಡಕೊಳಕ್ಕೆ ಹೋಗುವುದಿಲ್ಲವಲ್ಲ, ಓಡಿಸದಿದ್ದರೆ ಸೋರುವುದೂ ಇಲ್ಲ ಎಂದು ರುದ್ರಸ್ವಾಮಿ ಗಾಡಿಯನ್ನು ಮುಟ್ಟದೆ ನಿಲ್ಲಿಸಿದ. ಕಚೇರಿಗೆ ನಡೆದೇ ಹೋದ. ಆಯುಧಪೂಜೆಯ ದಿನ ತೊಳೆದು, ವಿಭೂತಿ ಹಚ್ಚಿ, ಹ್ಯಾಂಡಲ್ಲಿಗೆ ಚೆಂಡುಹೂ ಕಟ್ಟಿದರು. ಪೂಜೆಗೆ ಮುಂಚೆ ಸರ್ವಮಂಗಳಾ ಟ್ಯಾಂಕಿನ ಮುಚ್ಚಳ ತೆಗೆದಳು. ಹಿಂದಿನ ಸಂಜೆಗಳಂತೆ ಆವತ್ತೂ ಆಯಿಲ್ ಇಳಿದಿತ್ತು. ಹಬ್ಬದ ದಿನ ಯಾವ ಪಾತ್ರೆಯೂ ಅರೆಬರೆಯಾಗಿರಬಾರದೆಂದು ತುಂಬಿಸಿದಳು. ಮುಚ್ಚಳ ಹಾಕುವಾಗ ಒಂದು ಯೋಚನೆ ಬಂತು: ಓಡದೆ ನಿಂತ ಗಾಡಿ, ಇಷ್ಟು ಕುಡಿದದ್ದಾದರೂ ಎಲ್ಲಿಗೆ? ಆರತಿಗೆ ಹೊತ್ತಾಗಿತ್ತು. ಯೋಚನೆ ಅಲ್ಲಿಗೇ ನಿಂತಿತು.

ವಿಜಯದಶಮಿಯ ಬೆಳಿಗ್ಗೆ ದೇವಿರಮ್ಮ ಅಂಗಳ ತುಂಬುವಂಥ ರಂಗೋಲಿ ಬಿಟ್ಟಿದ್ದಳು. ಜಂಬೂಸವಾರಿ ನೋಡಲು ಬಂದ ನೆಂಟರು ಬಾಗಿಲಲ್ಲಿ ನಿಂತು ಹೊಗಳುತ್ತಿದ್ದರು. ಪೂಜೆಯಾದ ಗಾಡಿಯನ್ನು ಆ ದಿನ ಒಂದು ಸಲ ಓಡಿಸಬೇಕೆಂದು ರುದ್ರಸ್ವಾಮಿ ಚಕ್ರದಡಿ ನಿಂಬೆಹಣ್ಣಿಟ್ಟು ಕಿಕ್ ಹೊಡೆದ. ಮೊದಲು ಬಿಳಿ ಹೊಗೆ ಅಂಗಳ ತುಂಬಿತು. ಆಮೇಲೆ ಎಂಜಿನ್ ಉಸಿರಾಡಲೆಂದು ಕೆಳಗೆ ಬಿಟ್ಟಿದ್ದ ಸಣ್ಣ ಕೊಳವೆಯಿಂದ ಆಯಿಲ್ ಪಿಚಕಾರಿಯಂತೆ ಚಿಮ್ಮಿತು. ಹೊಗೆ ಕರಗಿದಾಗ ರಂಗೋಲಿಯ ಅರ್ಧ ಕಪ್ಪಾಗಿತ್ತು.

ದೇವಿರಮ್ಮ ಬೈಯಲಿಲ್ಲ. ಕಪ್ಪಾದ ಭಾಗವನ್ನು ನೋಡಿದಳು, ಒಳಗೆ ಹೋದಳು. ಮರುದಿನ ಪೊರಕೆಯ ಸದ್ದು ನಲ್ಲಿಯವರೆಗೆ ಬಂದು ಹಿಂತಿರುಗಿತು. ಕಿಟಕಿಯ ಕೆಳಗಿನ ಕಲ್ಲನ್ನು ಅವಳು ಗುಡಿಸಲೇ ಇಲ್ಲ. ಹಾಸಿಗೆಯಲ್ಲಿ ಕಾಯುತ್ತ ಮಲಗಿದ್ದ ಸರ್ವಮಂಗಳಾಳಿಗೆ ಬೈಗುಳವೇ ಮೇಲಿತ್ತು ಅನ್ನಿಸಿತು.

ಅವಳು ಎದ್ದು ಬಂದು ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹಬ್ಬದ ದಿನ ಬರದಿದ್ದ ಉತ್ತರ ಈಗ ನಿಧಾನವಾಗಿ ಬಂತು.

“ರೀ, ರಜದಲ್ಲಿ ನಾನು ಹೊಯ್ದದ್ದು ಒಂದು ಚೊಂಬಿಗಿಂತ ಹೆಚ್ಚು. ನಿನ್ನೆ ಚಿಮ್ಮಿದ್ದು ಬಿಟ್ಟರೆ ಕಲ್ಲಿನ ಮೇಲೆ ಬಿದ್ದದ್ದು ನಾಲ್ಕು ತೊಟ್ಟು. ಮಿಕ್ಕದ್ದು ಗಾಡಿ ಬಿಟ್ಟು ಹೋಗಿಲ್ಲ. ಒಳಗೇ ಎಲ್ಲೋ ಕೂತಿದೆ.”

“ನಿಂತ ಗಾಡಿಗೆ ಒಂದು ಚೊಂಬು ಹೊಯ್ದೆಯಾ?”

“ಇಳಿದಿತ್ತು, ಹೊಯ್ದೆ. ತಳದ ಬೋಲ್ಟ್ ಬಿಚ್ಚಿ.”

ಅವನು ಬಿಚ್ಚಿದ. ಸರಿಯಿದ್ದ ಗಾಡಿಯಾದರೆ ಎಂಜಿನ್ನಿನ ಹೊಟ್ಟೆಯಲ್ಲಿ ಚಮಚದಷ್ಟು ಆಯಿಲ್ ಇರಬೇಕು, ಅಷ್ಟೆ. ಕೆಳಗಿಟ್ಟ ಡಬ್ಬ ತುಂಬಿತು. ಅವಳು ಓಡಿಹೋಗಿ ಹಿಟ್ಟಿನ ಹಳೆಯ ಪಾತ್ರೆ ತಂದಳು. ಅದಕ್ಕೂ ಇಳಿಯಿತು. ಟ್ಯಾಂಕಿನದು ನಿಂತಲ್ಲೇ ಕೆಳಗೆ ಜಾರಿ ಹೊಟ್ಟೆ ಸೇರುತ್ತಿತ್ತು. ಇಳಿದಿದೆಯೆಂದು ಅವಳು ಮೇಲೆ ತುಂಬುತ್ತಿದ್ದಳು. ತಡೆಯಲಾರದಷ್ಟಾದಾಗ ಎಂಜಿನ್ ಸಿಕ್ಕ ಸಂದಿನಲ್ಲೆಲ್ಲ ಕಕ್ಕುತ್ತಿತ್ತು. ದೀಪ ಎಣ್ಣೆಯನ್ನು ಉರಿಸಿ ಮುಗಿಸುತ್ತದೆ. ಗಾಡಿ ಹಾಗಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ಇಷ್ಟು ದಿನ ದೀಪವೆಂದುಕೊಂಡು ಅದನ್ನು ಸಾಕಿದ್ದಾಯಿತು ಎಂದುಕೊಂಡಳು. ನಗು ಬಂತು. ನಗಲಿಲ್ಲ.

ಟ್ಯಾಂಕಿನಿಂದ ಇಳಿಯುವ ದಾರಿಯಲ್ಲಿ ಒಂದು ಉಕ್ಕಿನ ಗುಂಡು, ಅದರ ಹಿಂದೆ ಒಂದು ಸ್ಪ್ರಿಂಗು. ಗಾಡಿ ನಿಂತಾಗ ಗುಂಡು ತನ್ನ ಕುಳಿಯಲ್ಲಿ ಕೂತು ದಾರಿ ಮುಚ್ಚಬೇಕು. ಗುಂಡು ಇರುವುದು ರುದ್ರಸ್ವಾಮಿಗೆ ಗೊತ್ತಿತ್ತು, ಕೂರುತ್ತಿಲ್ಲ ಎಂಬುದು ಗೊತ್ತಿರಲಿಲ್ಲ. ಬಿಚ್ಚಿ ನೋಡಿದರೆ ಕುಳಿಯ ತುಂಬ ಕರಿ ಜಿಡ್ಡು. ಸೀಮೆಎಣ್ಣೆಯಲ್ಲಿ ತೊಳೆದರು. ಗುಂಡನ್ನು ಕುಳಿಯಲ್ಲಿಟ್ಟು, ಹಿತ್ತಾಳೆ ಸೌಟಿನ ಹಿಡಿಯನ್ನು ಅದರ ಮೇಲೆ ನಿಲ್ಲಿಸಿ, ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು. ಗುಂಡು ಹೊಸದಾಗಿ ತನ್ನ ಜಾಗ ಮಾಡಿಕೊಂಡಿತು. ಬಿಗಿ ಬರಲೆಂದು ಸ್ಪ್ರಿಂಗನ್ನು ಕೊಂಚ ಎಳೆದು ಬಿಟ್ಟರು. ಎಲ್ಲ ಜೋಡಿಸಿದ ಮೇಲೆ ಸರ್ವಮಂಗಳಾ ಕಲ್ಲಿಗೆ ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ, ಬೂದಿಯಿಂದ, ಮತ್ತೆ ಸೀಗೆಯಿಂದ ಉಜ್ಜಿದಳು.

ಆಮೇಲೆ ಗಾಡಿಯನ್ನು ನಿಲ್ಲಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಬೆಟ್ಟದ ಬುಡದವರೆಗೆ ಹೋಗಿ ಬಂದರು. ಬಂದ ಮೇಲೆ, ಆಯಿಲೆಲ್ಲ ಟ್ಯಾಂಕಿಗೆ ಮರಳಿ ಎಂಜಿನ್ ಬಿಸಿಯಾಗಿರುವಾಗಲೇ, ಟ್ಯಾಂಕು ನೋಡುವುದೆಂದು ಆಯಿತು. ಮುಸ್ಸಂಜೆ ದೀಪಕ್ಕೆ ಎಣ್ಣೆ ಹೊಯ್ದು ಅವಳು ಅಭ್ಯಾಸಬಲದಿಂದ ಹೊಸಿಲಿಗೆ ಬರುತ್ತಿದ್ದಳು, ನಿಲ್ಲುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ರಜೆಯ ಕೊನೆಯ ಸಂಜೆ ಮಾತ್ರ ತಡೆಯಲಾಗದೆ ಮುಚ್ಚಳ ತೆಗೆದಳು. ಬೆಳಿಗ್ಗೆ ಇದ್ದಷ್ಟೇ ಇದ್ದಂತಿತ್ತು. ಕೂದಲೆಳೆಯಷ್ಟು ಇಳಿದಿದೆಯೋ ಏನೋ. ಕೈ ಆಯಿಲ್ ಡಬ್ಬದ ಕಡೆ ಹೋಯಿತು. ಹಾಗೇ ಹಿಂದಕ್ಕೆ ತಂದು ಸೆರಗಿಗೆ ಒರೆಸಿಕೊಂಡಳು.

ಶಾಲೆ ತೆರೆಯುವ ದಿನ ಪೊರಕೆಯ ಸದ್ದಿಗೆ ಮುಂಚೆಯೇ ಅವಳು ಹೊಸಿಲ ಮೇಲೆ ಕೂತಿದ್ದಳು. ತಲೆ ಬಾಚಿ, ಮೊಗ್ಗು ಮುಡಿದು, ಚೀಲ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಲ್ಲನ್ನು ತಾನಾಗಿ ಬಗ್ಗಿ ನೋಡಬಾರದೆಂದು ನಿಶ್ಚಯಿಸಿದ್ದಳು. ರುದ್ರಸ್ವಾಮಿ ಬಾಗಿಲ ಹಿಂದೆ ನಿಂತಿದ್ದ.

ಪೊರಕೆ ಬಾವಿಕಟ್ಟೆಯಿಂದ ಹೊರಟಿತು. ಜಟಕಾ ಮೂಲೆ ದಾಟಿತು. ನಲ್ಲಿಯ ಬಳಿ ತಡೆಯಿತು. ಮತ್ತೆ ಹೊರಟು ಮೋಟರ್ ಸೈಕಲ್ಲಿನ ಹತ್ತಿರ ಬಂದು ನಿಂತಿತು.

“ಗಾಡಿ ಸರಿಸಿ, ಅಯ್ನೋರೇ.”

ರುದ್ರಸ್ವಾಮಿ ಬಂದು ಸ್ಟ್ಯಾಂಡ್ ತೆಗೆದು ಪಕ್ಕಕ್ಕೆ ತಳ್ಳಿದ. ದೇವಿರಮ್ಮ ಮೊಣಕಾಲು ಹಿಡಿದುಕೊಂಡು ಕೂತಳು. ಬೆರಳಿನಿಂದ ಕಲ್ಲನ್ನು ಉದ್ದಕ್ಕೂ ಅಡ್ಡಕ್ಕೂ ಸವರಿದಳು. ಬೆರಳನ್ನು ನೋಡಿದಳು, ಮೂಸಿದಳು. ಅಷ್ಟಕ್ಕೂ ನಂಬಿಕೆಯಾಗದೆ ಸಗಣಿನೀರಿನ ಬಕೀಟಿಗೆ ಕೈ ಅದ್ದಿ ಚಿಮುಕಿಸಿದಳು. ನೀರು ಮುತ್ತಾಗಲಿಲ್ಲ. ಮಿಕ್ಕ ಕಲ್ಲುಗಳ ಮೇಲೆ ಹರಡುವಂತೆಯೇ ಹರಡಿತು.

“ಏನಜ್ಜಿ, ತೀರ್ಪು?” ಎಂದ ಚೆಲುವರಾಜು ಕುದುರೆಯ ಮಗ್ಗುಲಿನಿಂದ.

“ತೀರ್ಪು ಯಾತಕ್ಕಲಾ? ನಿನ್ನ ಕುದುರೆ ನೋಡ್ಕೊ ನೀನು.”

ಅವಳು ರಂಗೋಲಿಯ ಡಬ್ಬಿ ತೆರೆದಳು. ಆ ಕಲ್ಲಿನಿಂದಲೇ ಶುರುಮಾಡಿ ಬಳ್ಳಿಯೊಂದನ್ನು ತಲೆಬಾಗಿಲ ಕಡೆಗೆ ಹರಿಯಬಿಟ್ಟಳು. ಅದರ ಎದುರಿಗೆ ಇನ್ನೊಂದು ಬಳ್ಳಿ. ಎರಡರ ನಡುವೆ ಹೂವನ್ನೂ ತುಂಬದೆ, ಚುಕ್ಕಿಯನ್ನೂ ಇಡದೆ, ಚಕ್ರ ಹಾಯುವಷ್ಟು ಜಾಗ ಉದ್ದಕ್ಕೂ ಹಾಗೇ ಬಿಟ್ಟಿದ್ದಳು.

ರುದ್ರಸ್ವಾಮಿ ಆ ಜಾಗದಲ್ಲಿ ಗಾಡಿಯನ್ನು ಬಿಗಿಹಿಡಿದು ತಳ್ಳಿಕೊಂಡು ಬೀದಿಗೆ ಹೋದ. ಹೊರಗೆ ಎಂಜಿನ್ ಒಂದು ಸಲ ಕೆಮ್ಮಿ ಹತ್ತಿಕೊಂಡಿತು. ಕುದುರೆ ಕಿವಿ ನಿಮಿರಿಸಿತು.

“ಅಲ್ಲ ಕಣಮ್ಮ,” ದೇವಿರಮ್ಮ ಎದ್ದು ನಿಂತು ಕೈ ಒದರಿದಳು, “ಎಣ್ಣೆ ಏನೋ ನಿಂತ್ಕತು ಬುಡು. ಈ ಗುಡುಗುಡು ಸದ್ದು ಇದೆಯಲ್ಲ, ಇದಕ್ಕೇನಾರ ಒಂದು…”

ಸರ್ವಮಂಗಳಾ ಆಗಲೇ ಚೀಲ ಹೆಗಲಿಗೇರಿಸಿ, ನೆರಿಗೆ ಎತ್ತಿ ಹಿಡಿದು, ಎರಡು ಬಳ್ಳಿಗಳ ನಡುವೆ ಕಾಲಿಟ್ಟಿದ್ದಳು. “ಅಜ್ಜೀ, ಸದ್ದಿನ ವಿಷಯ ಸಾಯಂಕಾಲ ರೈಲಿಂದ ಇಳಿದು ಬಂದವಳೇ ನಿಮ್ಮ ಹತ್ರ ಕೂತ್ಕೊಂಡು, ನೀವು ಹೇಳಿದ ಹಾಗೇ ನಾನೂ ಅವರಿಗೆ ಹೇಳ್ತೀನಿ,” ಎನ್ನುತ್ತ ತಲೆಬಾಗಿಲು ದಾಟಿ, ಗಾಡಿಯ ಹಿಂದೆ ಹತ್ತಿ ಕೂತಳು.