ಪೇಂಟರ್ ಕುಡಿತ ಬಿಟ್ಟದ್ದು

ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಕುಡಿತ ಬಿಟ್ಟು ವರ್ಷವಾಗಿತ್ತು. ಬಿಟ್ಟದ್ದಕ್ಕಿಂತ ಕೊಚ್ಚಿಕೊಂಡದ್ದೇ ಹೆಚ್ಚು. ಬೀದಿಯಲ್ಲಿ ಯಾರು ತೂರಾಡಿದರೂ ಏಣಿಯ ಮೇಲಿಂದಲೇ ಉಪದೇಶ: "ಮನಸ್ಸು ಗಟ್ಟಿ ಇರ್ಬೇಕು ಕಣಯ್ಯಾ, ಅಷ್ಟೇ. ನನ್ನ ನೋಡು!" ನೋಡುವಂತೆಯೇ ಇದ್ದ, ಪಾಪ. ಕೈನಡುಕ ನಿಂತು ಅಕ್ಷರಗಳು ನೆಟ್ಟಗಾಗಿದ್ದವು. ಮಗಳು ಅಪ್ಪನ ಪಕ್ಕ ಕೂತು ಊಟ ಮಾಡತೊಡಗಿದ್ದಳು.

ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ದಿನಾ ಬೆಳಿಗ್ಗೆ ಅವನ ಚಹಾಕ್ಕೆ ಕುಡಿತ ಬಿಡಿಸುವ ಮಾತ್ರೆಯನ್ನು ಪುಡಿಮಾಡಿ ಹಾಕುತ್ತಿದ್ದಳು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಕರುಳು ಕಿತ್ತುಬರುವಂತೆ ವಾಂತಿ. ಎರಡು ಸಲ ಹಾಗಾದ ಮೇಲೆ ಅವನೇ ಬಾಟಲಿಯನ್ನು ಮೋರಿಗೆ ಸುರಿದು, "ಇನ್ನು ಮುಟ್ಟಿದ್ರೆ ಕೇಳು" ಎಂದಿದ್ದ. ಅವಳು ಗುಟ್ಟು ಹೇಳಲೂ ಇಲ್ಲ, ಮಾತ್ರೆ ನಿಲ್ಲಿಸಲೂ ಇಲ್ಲ.

ಈಗ ಅವನು ಆಸ್ಪತ್ರೆಯ ತಳ್ಳುಗಾಡಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಅಪೆಂಡಿಕ್ಸ್ ಒಡೆಯುವ ಹಾಗಿತ್ತು, ಆಪರೇಷನ್ ಮುಂದೂಡುವಂತಿರಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರು ಬಂದು ಕೇಳಿದರು: "ಯಾವ್ದಾದ್ರೂ ಮಾತ್ರೆ ತಗೋತೀರಾ? ಕೆಲವು ಮಾತ್ರೆ ಮೈಯಲ್ಲಿದ್ರೆ, ನಾವು ನರಕ್ಕೆ ಕೊಡೋ ಔಷಧಿಗೆ ಬಿ.ಪಿ. ಕುಸಿದುಬಿಡುತ್ತೆ."

"ತಲೆನೋವಿಗೂ ನುಂಗಿದೋನಲ್ಲ. ಕುಡಿತಾನೇ ಒಂದೇ ಏಟಿಗೆ ಬಿಟ್ಟೋನು ನಾನು," ಎಂದ, ಆ ನೋವಿನಲ್ಲೂ.

ಪಕ್ಕದಲ್ಲೇ ನಿಂತಿದ್ದ ಹೆಂಡತಿ ಇದನ್ನು ಕೇಳಿದಳು. ಹೇಳಿದರೆ ಅವನ ಮಾನ ಹೋಗುತ್ತದೆ, ಹೇಳದಿದ್ದರೆ ಅವನೇ ಹೋಗಬಹುದು. ಡಾಕ್ಟರನ್ನು ಮೂಲೆಗೆ ಕರೆದು ಎಲ್ಲವನ್ನೂ ಉಸುರಿದಳು. "ಅವ್ರಿಗೆ ಗೊತ್ತಿಲ್ಲ. ದಮ್ಮಯ್ಯ ಡಾಕ್ಟ್ರೇ, ಗೊತ್ತಾಗೋದು ಬೇಡ."

"ಇವತ್ತೂ ಹಾಕಿದ್ರಾ?"

ಹೌದೆಂದು ತಲೆಯಾಡಿಸಿದಳು. ಅವಳಿಗೆ ಅಳು ಬಂತು.

"ಹೇಳಿದ್ದು ಒಳ್ಳೇದಾಯ್ತಮ್ಮಾ," ಎಂದವರೇ ಡಾಕ್ಟರು ಬಾಗಿಲತ್ತ ತಿರುಗಿ ಕೂಗಿದರು: "ಸಿಸ್ಟರ್, ಪೇಷಂಟಿಗೆ ದಿನಾ ಕುಡಿತ ಬಿಡಿಸೋ ಮಾತ್ರೆ ಕೊಟ್ಟಿದ್ದಾರೆ. ಬಿ.ಪಿ. ಏರಿಸೋ ಇಂಜೆಕ್ಷನ್ ತೆಗೆದಿಡಿ. ಮತ್ತಿನ ಔಷಧಿ ಸ್ವಲ್ಪ ಸ್ವಲ್ಪಾನೇ ಕೊಡೋಣ." ಅವರನ್ನು ದೂರುವಂತಿಲ್ಲ, ಅವರಿಗೆ ಉಳಿಸಬೇಕಾದದ್ದು ಜೀವ.

ಪೇಂಟರ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ಬೈಗುಳಕ್ಕೆ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಯಾವಾಗಿಂದ?"

"ಮೊದ್ಲಿಂದಾನೂ ರೀ."

ಗಾಡಿ ಹೊರಟಿತು. ಅವನು ಕತ್ತು ಹೊರಳಿಸಿ, ಸಣ್ಣ ಮಕ್ಕಳ ಹಾಗೆ ಕೇಳಿದ: "ಹಾಗಾದ್ರೆ ನಾನು ಬಿಟ್ಟೇ ಇರ್ಲಿಲ್ವೇನೇ?"

ಅವಳಿಗೂ ಗೊತ್ತಿರಲಿಲ್ಲ. ಹೆದರದೆ ಒಮ್ಮೆ ಮಾತ್ರೆ ನಿಲ್ಲಿಸಿ ನೋಡಿದ್ದರಲ್ಲವೇ ಗೊತ್ತಾಗುವುದು! ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು.