ಅತ್ತೆಯನ್ನು ಮುಟ್ಟಿದ ಹೆಣ

ಉಗಾಂಡಾದ ಕಂಪಾಲಾ ನಗರದ ಚರಂಡಿಯಂಚಿನ ನಮ್ಮ ಕೇರಿಯಲ್ಲಿ ಕಿಗ್ಗುಂಡುವಿನಷ್ಟು ಸಲ ಸತ್ತವರು ಬೇರೆ ಯಾರೂ ಇಲ್ಲ. ಮುಗೇರ್ವ ತೆಗೆಯುವ ಹೊಡೆದಾಟದ ಸಿನಿಮಾಗಳಲ್ಲಿ ಅವನು ಮಾಡಿನಿಂದ ಬೀಳುತ್ತಾನೆ, ಓಡುವ ಬೈಕಿನಿಂದ ಹಾರುತ್ತಾನೆ, ಅಂಗಿ ಬದಲಾಯಿಸಿಕೊಂಡು ಬಂದು ಒಂದೇ ಸಿನಿಮಾದಲ್ಲಿ ಮೂರು ಸಲ ಗುಂಡು ತಿನ್ನುತ್ತಾನೆ. ಬದುಕಿರುವಾಗ ಮಾತ್ರ ಒಂದು ಕಡೆ ಕೂತವನಲ್ಲ. ಚಹಾ ಕುಡಿಯುವಾಗಲೂ ಕಾಲು ಕುಣಿಯುತ್ತಿರುತ್ತದೆ.

ಆ ವಾರವಂತೂ ಅವನ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಶನಿವಾರ ನಬುಕೀರಳ ಮನೆಯಲ್ಲಿ ಹೆಣ್ಣು ಕೇಳುವ ಶಾಸ್ತ್ರ; ಮಾತೆಲ್ಲ ಹಿರಿಯರದು, ಗಂಡು ತುಟಿ ಬಿಚ್ಚುವಂತಿಲ್ಲ. ಸಿನಿಮಾದಲ್ಲಿ ನಾಯಕಿಯ ಬದಲು ಗೋಡೆ ಹಾರುವ ಹುಡುಗಿ ಅವಳು; ಆರು ವರ್ಷ ಇವನನ್ನು ಒದ್ದು ಒದ್ದೇ ಪ್ರೀತಿಸಿದವಳು. ಅವಳ ತಾಯಿಗೆ ಈ ಬೀಳುವ ಕಸುಬು ಹಿಡಿಸಿರಲಿಲ್ಲ. ಹೇಗೋ ಒಪ್ಪಿದ್ದಳು.

"ಅವತ್ತು ಇಡೀ ದಿನ ಬಾಯಿ ಮುಚ್ಕೊಂಡು ಕೂತಿರ್ಬೇಕು. ಆಗುತ್ತಾ ನಿನ್ನ ಕೈಲಿ?" ಎಂದು ನಬುಕೀರ ಕೇಳಿದಳು.

"ಸತ್ತೋನ ಥರ ಕೂತ್ಕೋತೀನಿ."

"ಥೂ, ಸತ್ತಾಗ್ಲೂ ನಿನ್ನ ಕಾಲು ಅಲ್ಲಾಡುತ್ತೆ ಕಣೋ!"

ಗುರುವಾರ ಬೆಳಿಗ್ಗೆ ಇಳಿಜಾರು ರಸ್ತೆಯಲ್ಲಿ ಚಿತ್ರೀಕರಣ. ಕಿಗ್ಗುಂಡು ಗುಂಡು ತಿಂದು ರಸ್ತೆಯಲ್ಲಿ ಸತ್ತು ಬೀಳಬೇಕು. ಸವಾರನಿಲ್ಲದ ಬೈಕೊಂದು ಮೇಲಿನಿಂದ ಬಂದು ಅವನಾಚೆಗಿನ ಗೋಡೆಗೆ ಗುದ್ದಬೇಕು. ಕೆಂಪು ನೀರಿನ ಚೀಲ ಒಡೆಯಿತು, ಅವನು ಸತ್ತ. ಮೇಲೆ ಬೈಕು ಬಿಟ್ಟರು.

ಅಷ್ಟರಲ್ಲಿ ಶನಿವಾರದ ಅಡುಗೆಗೆ ಬಾಳೆಯೆಲೆ ಹೊತ್ತುಕೊಂಡು ನಬುಕೀರಳ ತಾಯಿ ಓಣಿಯಿಂದ ಬಂದಳು. ನಮ್ಮಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು. ಮುಟ್ಟಿದರಂತೂ ಮುಟ್ಟಿದವನಿಗೆ ಮೈ ನಡುಗುವ ರೋಗ ಬರುತ್ತದಂತೆ, ಮದುವೆಯೂ ಮುರಿಯುತ್ತದೆ. ಬಿದ್ದಿರುವವನು ಭಾವೀ ಅಳಿಯನೆಂದು ಕಂಡದ್ದೇ ತಡ, ಆ ಮರ್ಯಾದಸ್ಥ ಹೆಂಗಸು ಎಲೆಯ ಕಟ್ಟನ್ನು ಕೆಳಗಿಟ್ಟು, ಮುಖದ ಮೇಲೆ ಬಟ್ಟೆ ಎಳೆದುಕೊಂಡು, ಬೆನ್ನು ತಿರುಗಿಸಿ ಅದೇ ಗೋಡೆಯ ಬುಡದಲ್ಲಿ ಕುಳಿತುಬಿಟ್ಟಳು. ಬೈಕು ಬರುವುದು ಅವಳಿಗೆ ಕಾಣಲಿಲ್ಲ.

ಕಿಗ್ಗುಂಡುವಿಗೆ ಕಂಡಿತು. ಕೂಗಿದ. ಅಳಿಯನ ದನಿ ಕೇಳಿ ಅವಳು ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದಳು. ಮುಟ್ಟಿದರೆ ನಬುಕೀರ ಕೈತಪ್ಪುತ್ತಾಳೆ, ಮುಟ್ಟದಿದ್ದರೆ ಅವಳ ತಾಯಿ ಉಳಿಯುವುದಿಲ್ಲ. ಹೆಣ ಎದ್ದು ಹಾರಿತು. ಅತ್ತೆಯನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡು ಚರಂಡಿಯ ಕಡೆ ಉರುಳಿದ. ಬೈಕು ಗೋಡೆಗೆ ಬಡಿದು ಚೂರಾಯಿತು.

"ಸತ್ತೋನು ಯಾಕೋ ಎದ್ದೆ? ಕಟ್!" ಮುಗೇರ್ವ ಅರಚಿದ. ಯಾರನ್ನು ತಬ್ಬಿದ್ದಾನೆಂದು ಕಂಡಮೇಲೆ ತಲೆಯ ಮೇಲೆ ಕೈಹೊತ್ತು ಕೂತ.

ಮಧ್ಯಾಹ್ನದವರೆಗೆ ಕಿಗ್ಗುಂಡು ಆ ಮನೆಯ ಬೇಲಿಯಾಚೆ ಶತಪಥ ಹಾಕಿದ. ಗಳಿಗೆಗೊಮ್ಮೆ ಕೈ ಚಾಚಿ ನೋಡಿಕೊಳ್ಳುತ್ತಿದ್ದ. ನಡುಗುತ್ತಿತ್ತು. ರೋಗವೋ ಹೆದರಿಕೆಯೋ, ಅವನಿಗೇ ತಿಳಿಯದು. ಹಾಳು ಕಟ್ಟಳೆ! ಒಂದು ಜೀವ ಉಳಿಸಿದವನು ಕಳ್ಳನ ಹಾಗೆ ಹೊರಗೆ ನಿಲ್ಲಬೇಕೇ?

ಒಳಗೆ ಮದುವೆಯ ಮಾತು ನಡೆಸುತ್ತಿದ್ದ ನಬುಕೀರಳ ಸೋದರತ್ತೆ ಕೂಗಾಡುತ್ತಿದ್ದಳು: "ಮುಟ್ಟಿದ್ಮೇಲೆ ಇನ್ನೆಂಥ ಮದುವೆ? ಕಳಿಸಿ ಅವನ್ನ!" ನಬುಕೀರ ಬಿಕ್ಕುವುದೂ ಕೇಳಿಸಿತು.

ಕೊನೆಗೆ ತಾಯಿ ಬಾಗಿಲಿಗೆ ಬಂದು, ಹೊರಗೆ ಬೆನ್ನು ಮಾಡಿ ನಿಂತು, ನಾದಿನಿಗೆ ಹೇಳುವಂತೆ ಬೇಲಿಯಾಚೆಗೂ ಕೇಳುವ ಹಾಗೆ ಹೇಳಿದಳು:

"ಮೂವತ್ತು ವರ್ಷ ಸಂಸಾರ ಮಾಡ್ದೆ. ನಿನ್ನಣ್ಣ ಒಂದ್ಸಲಾನೂ ನನ್ನ ಕೈ ಹಿಡಿದು ರಸ್ತೆ ದಾಟಿಸ್ಲಿಲ್ಲ. ಶನಿವಾರ ಅವನು ಬರ್ಲಿ. ಮೈ ನಡುಗಿದ್ರೆ ನಡುಗ್ಲಿ, ಹಿಡ್ಕೊಳ್ಳೋಕೆ ನನ್ನ ಮಗಳಿದ್ದಾಳೆ."